ಹಿಮ ತೆಗೆಯುವ ಮೆಷಿನ್ನೂ ದೊಡ್ಡಪ್ಪನ ಮೂರು ಬೆರಳೂ

ಹಿಂದಿನ ಸಲ ಇಲ್ಲಿನ ಚಳಿಗಾಲದ ಬಗ್ಗೆ ಬರೆದಾಗ ಓದುಗರೊಬ್ಬರು ಕೇಳಿದ್ದರು: "ಅಷ್ಟೊಂದು ಹಿಮ ಬಿದ್ರೆ ಬೆಳಗ್ಗೆ ಕಾರು ಹೊರಗೆ ತೆಗೆಯೋದು ಹೇಗೆ? ಯಾರಾದ್ರೂ ಬಂದು ಗುಡಿಸಿಕೊಡ್ತಾರಾ?" ಯಾರೂ ಬರಲ್ಲ. ರಸ್ತೆಯ ಹಿಮವನ್ನು ಊರಿನವರ ಲಾರಿ ಬಂದು ಪಕ್ಕಕ್ಕೆ ತಳ್ಳುತ್ತೆ. ಗ್ಯಾರೇಜಿನಿಂದ ರಸ್ತೆಯವರೆಗಿನ ದಾರಿ ಮಾತ್ರ ನಮ್ಮದೇ ಜವಾಬ್ದಾರಿ. ಅದಕ್ಕೆ ಇಲ್ಲಿ ಮನೆಮನೆಯಲ್ಲೂ ಒಂದು ಮೆಷಿನ್ ಇರುತ್ತೆ, ಸ್ನೋ ಬ್ಲೋವರ್ ಅಂತ. ಈ ಸಲ ಅದರ ಕಥೆ.

ನಾನಿರುವುದು ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ, ಈರಿ ಸರೋವರದ ಪಕ್ಕ. ಚಳಿಗಾಲದ ಶುರುವಿನಲ್ಲಿ ಸರೋವರದ ನೀರು ಇನ್ನೂ ಸ್ವಲ್ಪ ಬೆಚ್ಚಗಿರುತ್ತೆ. ಅದರ ಮೇಲೆ ಬೀಸುವ ಕೊರೆಯುವ ಗಾಳಿ ತೇವವನ್ನೆಲ್ಲ ಹೀರಿಕೊಂಡು ದಡಕ್ಕೆ ಬಂದು ಹಿಮವಾಗಿ ಸುರಿಸುತ್ತೆ. 2022ರ ನವೆಂಬರ್‌ನಲ್ಲಿ ಇಲ್ಲಿನ ಆರ್ಚರ್ಡ್ ಪಾರ್ಕ್‌ನಲ್ಲಿ ಒಂದೇ ಬಿರುಗಾಳಿಗೆ 80 ಇಂಚು ಬಿತ್ತು, ಅಂದರೆ ಆರೂವರೆ ಅಡಿಗಿಂತ ಹೆಚ್ಚು! ಮಂಡ್ಯದ ಬಿಸಿಲಲ್ಲಿ ಬೆಳೆದ ನಾನು ಮೊದಲ ವರ್ಷ ಶೌರ್ಯ ತೋರಿಸಲು ಹೋಗಿ ಸಲಿಕೆ ಹಿಡಿದೆ. ಎರಡು ದಿನ ಸೊಂಟ ಎತ್ತಲಾಗಲಿಲ್ಲ. ಪಕ್ಕದ ಮನೆಯ ಅಜ್ಜ ನಕ್ಕು, "ಹೃದಯ ಸರಿಯಿಲ್ಲದವರು ಹೀಗೆ ಮಾಡಿದ್ರೆ ಪ್ರಾಣಕ್ಕೇ ಅಪಾಯ, ಮೆಷಿನ್ ತಗೋ" ಅಂದರು.

ಅಂಗಡಿಗೆ ಹೋದರೆ ತಲೆ ಗಿರ್ ಅಂತು. ಆದರೆ ಮುಖ್ಯವಾಗಿ ಇರೋದು ಎರಡೇ ಬಗೆ. ಒಂದರಲ್ಲಿ ರಬ್ಬರ್ ಅಂಚಿನ ಒಂದೇ ಸುರುಳಿ ನೆಲವನ್ನು ಕೆರೆದು, ಅದೇ ವೇಗದಲ್ಲಿ ಹಿಮವನ್ನು ಕೊಳವೆಯಿಂದ ಹೊರಗೆಸೆಯುತ್ತೆ. ಹಗುರ, ಬೆಲೆಯೂ ಕಡಿಮೆ. ಆರೆಂಟು ಇಂಚು ಹಿಮ ಬೀಳುವ ಊರಿಗೆ, ಕಾಂಕ್ರೀಟ್ ಅಂಗಳಕ್ಕೆ ಇದು ಸಾಕು. ಜಲ್ಲಿ ಹಾಸಿದ ಅಂಗಳಕ್ಕೆ ಬೇಡವೇ ಬೇಡ, ಕಲ್ಲನ್ನೂ ಎತ್ತಿ ಎಸೆಯುತ್ತೆ. ಇನ್ನೊಂದರಲ್ಲಿ ಮುಂದಿನ ಕಬ್ಬಿಣದ ಸುರುಳಿ ಹಿಮವನ್ನು ಪುಡಿಮಾಡಿ ಒಳಗೆ ಎಳೆದರೆ, ಹಿಂದಿರುವ ಫ್ಯಾನ್ ಅದನ್ನು ದೂರಕ್ಕೆ ಎಸೆಯುತ್ತೆ. ಚಕ್ರಗಳು ತಾವೇ ಮುಂದೆ ಎಳೆದುಕೊಂಡು ಹೋಗುತ್ತವೆ. ಭಾರವೂ ಜಾಸ್ತಿ, ಇಡೋಕೆ ಜಾಗವೂ ಬೇಕು. ಆದರೆ ರಸ್ತೆಯ ಲಾರಿ ನಮ್ಮ ದಾರಿಯ ಬಾಯಿಗೆ ತಳ್ಳಿ ಹೋಗುವ ಗಟ್ಟಿ ಗುಡ್ಡೆಯನ್ನು ಒಡೆಯೋಕೆ ಇದೇ ಆಗಬೇಕು. ನಾನು ತಗೊಂಡಿದ್ದು 24 ಇಂಚು ಅಗಲದ ಪೆಟ್ರೋಲ್ ಮೆಷಿನ್. ಬ್ಯಾಟರಿಯವೂ ಇವೆ, ಸದ್ದಿಲ್ಲ, ಹೊಗೆಯಿಲ್ಲ. ಚಿಕ್ಕ ಅಂಗಳಕ್ಕೆ ಒಳ್ಳೇದು. ದೊಡ್ಡ ಹಿಮದಲ್ಲಿ ಅರ್ಧ ಕೆಲಸಕ್ಕೇ ಚಾರ್ಜ್ ಮುಗಿದರೆ ಕಷ್ಟ.

ನೋಡಿಕೊಳ್ಳೋದು ದೊಡ್ಡ ವಿದ್ಯೆಯೇನಲ್ಲ. ಮೆಷಿನ್ ಕೈಕೊಡೋದು ಹೆಚ್ಚಾಗಿ ಹಳೇ ಪೆಟ್ರೋಲ್‌ನಿಂದ. ಇಲ್ಲಿನ ಪೆಟ್ರೋಲ್‌ನಲ್ಲಿ ಸಾಮಾನ್ಯವಾಗಿ ಎಥೆನಾಲ್ ಬೆರೆತಿರುತ್ತೆ, ಬೇಸಿಗೆಯಿಡೀ ಟ್ಯಾಂಕಿನಲ್ಲೇ ಬಿಟ್ಟರೆ ಕಾರ್ಬ್ಯುರೇಟರ್‌ನಲ್ಲಿ ಅಂಟು ಕಟ್ಟುತ್ತೆ. ಅದಕ್ಕೇ ಚಳಿಗಾಲ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಆಯಿಲ್ ಬದಲಿಸಿ, ಹಿಮ ಬೀಳೋಕೆ ಮುಂಚೆಯೇ ಒಂದು ಸಲ ಸ್ಟಾರ್ಟ್ ಮಾಡಿ ನೋಡಿ. ಮೊದಲ ಬಿರುಗಾಳಿಯ ಬೆಳಗ್ಗೆ ರಿಪೇರಿಯವರು ಯಾರೂ ಸಿಗಲ್ಲ. ಇನ್ನು ಸುರುಳಿಯಲ್ಲಿ ಶಿಯರ್ ಪಿನ್ ಅಂತ ಸಣ್ಣ ಬೋಲ್ಟ್ ಇರುತ್ತೆ. ಕಲ್ಲೋ ಮಂಜುಗಡ್ಡೆಯೋ ಸಿಕ್ಕಿಕೊಂಡರೆ ಅದು ಮುರಿದು ಗೇರ್‌ಬಾಕ್ಸನ್ನು ಉಳಿಸುತ್ತೆ. ನಮ್ಮ ಮನೆಯ ಫ್ಯೂಸ್ ಇದ್ದ ಹಾಗೆ. ಆ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕೋದು, ಫ್ಯೂಸ್ ಜಾಗಕ್ಕೆ ದಪ್ಪ ತಂತಿ ಕಟ್ಟಿದಂತೆ. ಎರಡು ಪಿನ್ ಮನೆಯಲ್ಲಿ ಇಟ್ಟಿರಿ.

ಇಷ್ಟೆಲ್ಲ ಗೊತ್ತಿದ್ದೂ ಹೋದ ವರ್ಷ ನಾನು ಒಂದು ತಪ್ಪು ಮಾಡುವುದರಲ್ಲಿದ್ದೆ.

ಅವತ್ತು ಬಿದ್ದಿದ್ದು ಒದ್ದೆ ಹಿಮ, ಕಲಸಿದ ಹಿಟ್ಟಿನ ಹಾಗೆ. ಒಂಬತ್ತಕ್ಕೆ ಆಫೀಸಿನ ಮೀಟಿಂಗ್. ಎಂಟೂಮುಕ್ಕಾಲಿಗೆ ಕೊಳವೆ ಕಟ್ಟಿಕೊಂಡಿತು. ಎಂಜಿನ್ ಆಫ್ ಮಾಡಿದೆ. ಆಫ್ ಆಗಿದೆಯಲ್ಲ, ಇನ್ನೇನು ಅಂತ ಬಗ್ಗಿ ಕೈ ಒಳಗೆ ಹಾಕೋಕೆ ಹೋದೆ. ಆಗ ಯಾಕೋ ದೊಡ್ಡಪ್ಪನ ಕೈ ಕಣ್ಣಮುಂದೆ ಬಂತು.

ನಮ್ಮ ದೊಡ್ಡಪ್ಪನ ಬಲಗೈಯಲ್ಲಿ ಇರೋದು ಮೂರೇ ಬೆರಳು. ಆಲೆಮನೆಯಲ್ಲಿ ಕಬ್ಬಿನ ಗಾಣಕ್ಕೆ ಹೋದವು ಉಳಿದೆರಡು. ಚಿಕ್ಕವನಿದ್ದಾಗ ಆ ಕೈ ಹಿಡಿದುಕೊಂಡೇ ಜಾತ್ರೆ ಸುತ್ತಿದ್ದೆ.

ಕೈ ಹಿಂದೆ ತೆಗೆದು, ಮೆಷಿನ್ ಜೊತೆಗೇ ಕೊಟ್ಟಿದ್ದ ಪ್ಲಾಸ್ಟಿಕ್ ಕೋಲನ್ನು ಹಾಕಿ ಕೆದಕಿದೆ. ಹಿಮದ ಮುದ್ದೆ ಸಡಿಲವಾದ ಕೂಡಲೇ ಒಳಗೆ ಫ್ಯಾನ್ ಟಪ್ ಅಂತ ತಿರುಗಿ ಕೋಲನ್ನು ಕೈಯಿಂದ ಕಿತ್ತು ಬಿಸಾಡಿತು. ಎಂಜಿನ್ ನಿಂತಿತ್ತು, ಆದರೂ!

ಆಮೇಲೆ ಓದಿ ತಿಳಿದುಕೊಂಡೆ. ಹಿಮ ಕಟ್ಟಿಕೊಂಡು ಫ್ಯಾನ್ ನಿಂತಾಗ ಬೆಲ್ಟು ಮತ್ತಿತರ ಭಾಗಗಳಲ್ಲಿ ಬಿಗಿತ ಉಳಿದುಬಿಟ್ಟಿರುತ್ತೆ, ಹಗ್ಗ ತಿರುಚಿ ಹಿಡಿದ ಹಾಗೆ. ಅಡ್ಡಿ ತೆಗೆದ ಕ್ಷಣ ಅದು ಬಿಚ್ಚಿಕೊಳ್ಳುತ್ತೆ. ಅಮೆರಿಕದಲ್ಲಿ ಪ್ರತಿ ಚಳಿಗಾಲವೂ ಹೀಗೆ ಬೆರಳು ಕಳೆದುಕೊಂಡು ಆಸ್ಪತ್ರೆಗೆ ಬರುವವರಿದ್ದಾರೆ. ಅದಕ್ಕೇ ಕಟ್ಟಿಕೊಂಡರೆ ಎಂಜಿನ್ ಆಫ್ ಮಾಡಿ, ಕೀ ತೆಗೆಯಿರಿ (ಬ್ಯಾಟರಿಯದಾದರೆ ಬ್ಯಾಟರಿ ಬಿಚ್ಚಿ), ಎಲ್ಲ ಪೂರ್ತಿ ನಿಂತಿದೆ ಅಂತ ನೋಡಿ, ಆಮೇಲೂ ಕೋಲನ್ನೇ ಬಳಸಿ. ಕೈ ಯಾವತ್ತೂ ಬೇಡ. ಗ್ಲೌಸ್ ಹಾಕಿದ್ದರೂ ಬೇಡ. ಹಿಡಿ ಬಿಟ್ಟರೆ ಮೆಷಿನ್ ನಿಲ್ಲುವ ಲಿವರ್ ಇರುತ್ತೆ, ಸುಸ್ತಾಗುತ್ತೆ ಅಂತ ಅದನ್ನು ಕಟ್ಟಿಹಾಕೋರೂ ಇದ್ದಾರೆ. ದಯವಿಟ್ಟು ಮಾಡಬೇಡಿ.

ಇನ್ನು ಕೆಲವು ಮಾತು. ಬಾಗಿಲು ತೆರೆದಿದ್ದರೂ ಗ್ಯಾರೇಜಿನೊಳಗೆ ಎಂಜಿನ್ ಓಡಿಸಬೇಡಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಗೊತ್ತಾಗದ ಹಾಗೆ ಕೊಲ್ಲುತ್ತೆ. ಬಿಸಿ ಎಂಜಿನ್‌ಗೆ ಪೆಟ್ರೋಲ್ ಹಾಕಬೇಡಿ. ಕೊಳವೆ ಜನರ ಕಡೆಗೋ ಕಿಟಕಿ ಕಡೆಗೋ ತಿರುಗಿರದಿರಲಿ. ಮಕ್ಕಳು ಒಳಗಿರಲಿ. ಒದ್ದೆ ಹಿಮವಾದರೆ ಕಡಿಮೆ ಅಗಲ ತಗೊಂಡು ನಿಧಾನಕ್ಕೆ ಹೋಗಿ. ಕೊಳವೆಯೊಳಗೆ ಮೊದಲೇ ಸಿಲಿಕಾನ್ ಸ್ಪ್ರೇ ಹೊಡೆದಿದ್ದರೆ ಅಷ್ಟು ಬೇಗ ಅಂಟಲ್ಲ.

ಮೀಟಿಂಗ್‌ಗೆ ಅವತ್ತು ಹತ್ತು ನಿಮಿಷ ತಡವಾಯ್ತು. ಯಾರೂ ಏನೂ ಅನ್ನಲಿಲ್ಲ. ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ ಕೋಲು ಎಲ್ಲಿತ್ತು ಮಗ?" ಅಂದರು. "ಮೆಷಿನ್ ಮೇಲೇ ಸಿಕ್ಕಿಸಿರುತ್ತೆ ದೊಡ್ಡಪ್ಪ" ಅಂದೆ.

"ಒಳ್ಳೇದಾಯ್ತು. ನನ್ ಹತ್ರಾನೂ ಕೋಲಿತ್ತು ಕಣಪ್ಪ. ಗೋಡೆಗೆ ಒರಗಿಸಿದ್ದೆ, ನಾಕ್ ಹೆಜ್ಜೆ ದೂರ. ಯಾರ್ ಹೋಗಿ ತರ್ತಾರೆ ಅಂತ ಕೈ ಹಾಕ್ದೆ."

ಈಗ ಮೆಷಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಪೆಟ್ರೋಲ್ ನೋಡೋದು ಆಮೇಲೆ. ಮೊದಲು ಕೋಲು ಅದರ ಜಾಗದಲ್ಲಿದೆಯಾ ಅಂತ ನೋಡ್ತೀನಿ.