ನಿಡಘಟ್ಟದ ಹುಡುಗ, ಹಲಗೂರಿನ ದಾರಿ

ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಕಾಮಗಾರಿ ನಡೆದಷ್ಟು ಕಾಲ ನಿಡಘಟ್ಟದ ಹೆಸರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು ಪ್ಯಾಕೇಜು, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು. 2023ರ ಮಾರ್ಚ್‌ನಲ್ಲಿ ರಸ್ತೆಯ ಉದ್ಘಾಟನೆ ಆಯಿತು. ಈಗ ಮದ್ದೂರಿಗೆ ಮೊದಲು ಸಿಗುವ ಈ ಊರನ್ನು ಕಾರುಗಳು ತಿರುಗಿಯೂ ನೋಡದೆ ದಾಟುತ್ತವೆ. ಆದರೆ ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು ಕೇಳಿ ನೋಡಿ. ಅವರಿಗೆ ನಿಡಘಟ್ಟ ರಸ್ತೆಯ ಗುರುತಲ್ಲ, ಕೆಂಪಾಚಾರಿಯ ಹುಟ್ಟೂರು.

ಬಸವಾಚಾರಿ, ಮುದ್ದಮ್ಮ ದಂಪತಿಯ ಮಗ ಕೆಂಪಾಚಾರಿ. ಕುಲುಮೆಯ ಮನೆಯ ಹುಡುಗ. ಕಲ್ಯಾಣವನ್ನು ಕಂಡು, ಅಲ್ಲಿನ ಶರಣರನ್ನು ಪರೀಕ್ಷೆಗೆ ಒಡ್ಡಿ, ದಕ್ಷಿಣಕ್ಕೆ ಇಳಿದು ಬಂದ ಮಂಟೇಸ್ವಾಮಿಯ ಕಣ್ಣು ಈ ಹುಡುಗನ ಮೇಲೆ ಬೀಳುತ್ತದೆ. ಹೆತ್ತವರಿಗೆ ಮಗನನ್ನು ಬಿಟ್ಟುಕೊಡುವ ಮನಸ್ಸಿಲ್ಲ. ಗುರು ಬಿಡುವವನಲ್ಲ. ಕೊನೆಗೆ ಹುಡುಗ ಕುಲುಮೆ ಬಿಟ್ಟು ಗುರುವಿನ ಹಿಂದೆ ಹೋಗುತ್ತಾನೆ, ಕೆಂಪಾಚಾರಿ ಹೋಗಿ ಸಿದ್ದಪ್ಪಾಜಿ ಆಗುತ್ತಾನೆ. ಆಮೇಲೆ ಗುರು ಅವನಿಗೆ ವಹಿಸುವ ಕೆಲಸ ಯಾವುದು? ಮಳವಳ್ಳಿ ಸೀಮೆಯ ಹಲಗೂರಿಗೆ ಹೋಗಿ, ಅಲ್ಲಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರುವುದು. ಕಮ್ಮಾರರ ಮನೆಯಲ್ಲಿ ಹುಟ್ಟಿದವನು ಕಮ್ಮಾರರ ಬಾಗಿಲಿಗೇ ಜೋಳಿಗೆ ಹಿಡಿದು ಹೋಗಬೇಕು. ಅವರು ಕಬ್ಬಿಣವೇ ಇಲ್ಲವೆನ್ನುತ್ತಾರೆ, ಪವಾಡ ತೋರಿಸು ಎನ್ನುತ್ತಾರೆ, ಒಂದಾದ ಮೇಲೆ ಒಂದು ಪರೀಕ್ಷೆ ಒಡ್ಡುತ್ತಾರೆ. ಗೆದ್ದು ಬಂದ ಸಿದ್ದಪ್ಪಾಜಿಯ ಗದ್ದುಗೆ ಇರುವುದು ಚಿಕ್ಕಲ್ಲೂರಿನಲ್ಲಿ. ಪ್ರತಿ ಜನವರಿಯಲ್ಲಿ ಅಲ್ಲಿನ ಜಾತ್ರೆಯಲ್ಲಿ ಚಂದ್ರಮಂಡಲವೆಂಬ ಜ್ಯೋತಿ ಉರಿಯುವುದನ್ನು ನೋಡಲು ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯ ಜನ ಸಾವಿರ ಸಾವಿರವಾಗಿ ಸೇರುತ್ತಾರೆ.

ಈ ಕಥೆಯನ್ನು ಇಲ್ಲಿ ತೆಗೆದದ್ದಕ್ಕೆ ಕಾರಣವಿದೆ. ಕೆಲವು ದಿನಗಳಿಂದ ನಾನು ಹಳೆಯ ಅದ್ಭುತ ಸಾಹಸ ಕಾದಂಬರಿಗಳನ್ನು ಮತ್ತೆ ಓದುತ್ತಿದ್ದೇನೆ. ಅಮೆರಿಕದ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಅವುಗಳಲ್ಲಿ ಒಂದು. ಅದರ ನಾಯಕ ಗೆಡ್ ದ್ವೀಪವೊಂದರ ಹಳ್ಳಿಯವನು, ಆಡು ಕಾಯುವ ಹುಡುಗ, ಅವನ ಅಪ್ಪ ಆ ಹಳ್ಳಿಯ ಕಂಚುಗಾರ. ಒಬ್ಬ ಮಿತಭಾಷಿ ಗುರು ಬಂದು ಅವನಿಗೆ ಹೊಸ ಹೆಸರು ಕೊಟ್ಟು ಕರೆದೊಯ್ಯುತ್ತಾನೆ. ಮೊದಲ ಸಲ ಓದಿದಾಗ ನನ್ನ ಗಮನವೆಲ್ಲ ಡ್ರ್ಯಾಗನ್ನುಗಳ ಮೇಲೆ, ಗೆಡ್‌ನ ಬೆನ್ನು ಹತ್ತಿದ ನೆರಳಿನ ಮೇಲೆ ಇತ್ತು. ಈ ಸಲ ಮೊದಲ ಪುಟಗಳಲ್ಲೇ ನಿಂತುಬಿಟ್ಟೆ. ಕುಲುಮೆ, ಅಪ್ಪ, ಗುರು, ಹೊಸ ಹೆಸರು. ಇದು ನಿಡಘಟ್ಟದ ಕಥೆಯಲ್ಲವೇ? ಲೆ ಗ್ವಿನ್ ಮಂಟೇಸ್ವಾಮಿ ಕಾವ್ಯವನ್ನು ಕೇಳಿದ್ದರು ಎಂದು ನಾನು ಹೇಳುತ್ತಿಲ್ಲ. ಲೋಹ ಕಾಯಿಸಿ ಬಡಿದು ರೂಪ ಕೊಡುವವನ ಮನೆಯಲ್ಲಿ ಮಾಯೆಯ ವಾರಸುದಾರ ಹುಟ್ಟುತ್ತಾನೆಂಬ ನಂಬಿಕೆ ಎಷ್ಟೋ ನಾಡುಗಳಲ್ಲಿದೆ. ಆದರೆ ಒಂದು ದೊಡ್ಡ ವ್ಯತ್ಯಾಸವೂ ಇದೆ. ಗೆಡ್ ತನ್ನ ಅಹಂಕಾರ ಎಬ್ಬಿಸಿದ ನೆರಳಿನ ಜೊತೆ ಹೋರಾಡಬೇಕು. ಸಿದ್ದಪ್ಪಾಜಿ ಎದುರಿಸಬೇಕಾದದ್ದು ತಾನು ಬಿಟ್ಟುಬಂದ ಕಸುಬಿನವರನ್ನು. ಎರಡನೆಯದು ಹೆಚ್ಚು ಕಷ್ಟದ ಪಯಣ ಎಂದೇ ನನಗೆ ತೋರುತ್ತದೆ.

ಮರು ಓದಿನ ಸುಖ ನಮ್ಮ ಸೀಮೆಗೆ ಹೊಸದಲ್ಲ. ನೀಲಗಾರರ ಕಥೆ ‘ಸಾಲು’ಗಳಲ್ಲಿ ಹರಿಯುತ್ತದೆ: ಕಲ್ಯಾಣದ ಸಾಲು, ಕೆಂಪಾಚಾರಿ ಸಾಲು, ಹಲಗೂರಿನ ಸಾಲು. ಕೇಳಲು ಕೂತವರಲ್ಲಿ ಮುಂದೇನಾಗುತ್ತದೆಂದು ತಿಳಿಯದವರು ಯಾರಿದ್ದಾರೆ? ಆದರೂ ಇಂಥ ಸಾಲು ಹಾಡಿ ಎಂದು ಕೇಳುತ್ತಾರೆ, ಬೆಳಗಿನ ಜಾವದವರೆಗೆ ಕೂರುತ್ತಾರೆ. ಹಾಡುವವರು ಬದಲಾದರೆ ವಿವರ ಬದಲಾಗುತ್ತದೆ, ಒಬ್ಬರು ನಾಲ್ಕು ಮಾತಿನಲ್ಲಿ ಮುಗಿಸಿದ್ದನ್ನು ಇನ್ನೊಬ್ಬರು ಒಂದು ಗಂಟೆ ಹಿಗ್ಗಿಸುತ್ತಾರೆ. ಹಿಮ್ಮೇಳದವರು ದನಿಗೂಡಿಸಿದಾಗ ಕೇಳುಗರೂ ದನಿಗೂಡಿಸುತ್ತಾರೆ. ಅಲ್ಲಿ ಕೇಳುವವನಿಗೆ ಕಥೆಯ ಒಳಗೇ ಒಂದು ಜಾಗವಿದೆ. ಅಚ್ಚಾದ ಕಾದಂಬರಿ ನಮ್ಮನ್ನು ಒಂಟಿಯಾಗಿ ಕೂರಿಸುವಾಗ ತಪ್ಪಿಸುವುದು ಈ ಜಾಗವನ್ನು. ಅದನ್ನು ಬೇರೆ ದಾರಿಯಿಂದ ಮರಳಿ ಕೊಟ್ಟದ್ದು, ನನ್ನ ಮಟ್ಟಿಗೆ, ಮೇಜಿನ ಸುತ್ತ ಕೂತು ಆಡುವ ಒಂದು ಆಟ.

ಆ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಹೊರತಂದದ್ದು. ಒಬ್ಬರು ಕಥೆ ನಡೆಸುತ್ತಾರೆ: ಇದು ಊರು, ಇದು ಕೋಟೆ, ಇಲ್ಲಿ ಬಾಗಿಲು ಎಂದು ಬಣ್ಣಿಸುತ್ತಾರೆ. ಉಳಿದವರು ತಲಾ ಒಂದು ಪಾತ್ರವಾಗಿ, ಆ ಬಾಗಿಲಿನ ಮುಂದೆ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಫಲದ ಬಗ್ಗೆ ಅನುಮಾನವಿದ್ದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಗೆಲ್ಲುವವರು, ಸೋಲುವವರು ಎಂದಿಲ್ಲ. ಕಥೆ ಮುಂದುವರಿಯಬೇಕು, ಅಷ್ಟೇ. 1979ರಲ್ಲಿ ಗೈಗ್ಯಾಕ್ಸ್ ತಮ್ಮ ಕೈಪಿಡಿಯೊಂದರ ಕೊನೆಗೆ ತಮಗೆ ಸ್ಫೂರ್ತಿ ಕೊಟ್ಟ ಲೇಖಕರ ಪಟ್ಟಿ ಸೇರಿಸಿದರು: ರಾಬರ್ಟ್ ಹೋವರ್ಡ್, ಫ್ರಿಟ್ಜ್ ಲೀಬರ್, ಜ್ಯಾಕ್ ವ್ಯಾನ್ಸ್, ಟೋಲ್ಕಿನ್ ಮುಂತಾದವರು. ಆಟದ ಹಳೆಯ ಆವೃತ್ತಿಗಳಲ್ಲಿ ಮಾಂತ್ರಿಕ ಒಮ್ಮೆ ಪ್ರಯೋಗಿಸಿದ ಮಂತ್ರ ಅವನ ನೆನಪಿನಿಂದ ಅಳಿದುಹೋಗುತ್ತಿತ್ತು, ಆ ನಿಯಮ ಬಂದದ್ದು ವ್ಯಾನ್ಸ್‌ನ 1950ರ ‘ದಿ ಡೈಯಿಂಗ್ ಅರ್ಥ್’ ಪುಸ್ತಕದಿಂದ. ಅದನ್ನು ಓದಿದ ಕನ್ನಡಿಗನಿಗೆ ಪರಶುರಾಮನ ಶಾಪ ಹೊತ್ತ ಕರ್ಣನ ನೆನಪು ಬಾರದಿದ್ದೀತೇ? ನಮ್ಮ ರಾಕ್ಷಸನಂತೂ 1977ರಲ್ಲೇ ಆ ಆಟದ ಪ್ರಾಣಿ, ಪಿಶಾಚಿಗಳ ಪುಸ್ತಕ ಸೇರಿದ್ದ. ಹುಲಿಯ ತಲೆ, ನಿಲುವಂಗಿ, ಕೈಯಲ್ಲೊಂದು ಪೈಪು. ಅಷ್ಟು ದೂರ ಹೋದವನು ವೇಷ ಬದಲಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಸಂಕ್ರಾಂತಿ ರಜೆಯಲ್ಲಿ ನಮ್ಮ ಮನೆಯ ನಡುಮನೆಯಲ್ಲಿ ಈ ಆಟ ನಡೆಯಿತು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವ ತಂಗಿಯ ಮಗಳು ಕಥೆ ನಡೆಸುತ್ತಿದ್ದಳು. ಅವಳ ಓರಗೆಯ ಮೂವರು ಆಡುತ್ತಿದ್ದರು. ಅವ್ವ ಪಕ್ಕದಲ್ಲೇ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಕಥೆಯಲ್ಲಿ ಒಂದು ಕುಲುಮೆ, ಒಳಗಿನಿಂದ ಚಿಲಕ ಹಾಕಿದೆ, ಕಮ್ಮಾರ ಓಗೊಡುತ್ತಿಲ್ಲ. ಒಬ್ಬ ಹುಡುಗ, “ನಾನು ಕಿಟಕೀಲಿ ಇಣುಕ್ತೀನಿ” ಅಂದ. ದಾಳದಲ್ಲಿ ಬಿದ್ದದ್ದು ನಾಲ್ಕು. ಒಳಗೆ ಕತ್ತಲೆ, ಏನೂ ಕಾಣಲಿಲ್ಲ. ಇನ್ನೊಬ್ಬಳು ಸ್ವಲ್ಪ ಯೋಚಿಸಿ, “ನಂಗೆ ಕುಲುಮೆ ಕೆಲಸ ಬರುತ್ತೆ, ಕೂಲಿ ಕೊಡಿ ಅಂತ ಬಾಗಿಲು ಬಡೀತೀನಿ” ಅಂದಳು. ಹದಿನೇಳು ಬಿತ್ತು. ಬಾಗಿಲು ತೆರೆಯಿತು. ಎಲ್ಲರೂ ಹೋ ಎಂದರು.

ಅಷ್ಟು ಹೊತ್ತು ಸುಮ್ಮನಿದ್ದ ಅವ್ವ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಅಂದರು: “ಸಿದ್ದಪ್ಪಾಜಿಗೂ ಕುಲುಮೆ ಕೆಲಸ ಬತ್ತಿತ್ತು ಕಣವ್ವ. ಆದ್ರೆ ಅವ್ರು ಕೆಲಸ ಕೇಳಕ್ಕೆ ಹೋಗಿರ್ನಿಲ್ಲ, ಭಿಕ್ಷಕ್ಕೆ ಹೋಗಿದ್ರು.” ಮಕ್ಕಳು ಯಾರು ಸಿದ್ದಪ್ಪಾಜಿ ಎಂದು ಕೇಳಿದರು. ಆಟ ಅಲ್ಲಿಗೇ ನಿಂತಿತು. ಅವ್ವ ತಮಗೆ ನೆನಪಿದ್ದಷ್ಟು ಹಲಗೂರಿನ ಸಾಲನ್ನು ಹೇಳುತ್ತ ಹೋದರು. ಅಷ್ಟು ವರ್ಷ ಆ ಕಥೆ ಕೇಳಿದ್ದ ನನಗೆ ಆ ಒಂದು ಮಾತಿನ ತೂಕ ಹೊಳೆದದ್ದು ಅವತ್ತು. ಕಸುಬು ಗೊತ್ತಿದ್ದವನು ಕೂಲಿ ಕೇಳಿದ್ದರೆ ಹಲಗೂರಿನಲ್ಲಿ ಅದು ಎರಡು ನಿಮಿಷದ ವ್ಯವಹಾರ. ಕಸುಬನ್ನು ಹೇಳದೆ ಬರಿಗೈ ಚಾಚಬೇಕೆಂಬುದೇ ಗುರು ಇಟ್ಟ ನಿಜವಾದ ಪರೀಕ್ಷೆ. ಪಾಂಚಾಳರ ಪರೀಕ್ಷೆಗಳೆಲ್ಲ ಅದರ ಮುಂದೆ ಸಣ್ಣವು. ಯಾವ ಉಪನ್ಯಾಸವೂ ತೋರಿಸದ ಈ ತಿರುವನ್ನು ಒಂದು ಆಟದ ನಡೆ ತೋರಿಸಿಕೊಟ್ಟಿತು. ಬೇರೆ ದಾರಿ ಇತ್ತು ಎಂದು ಕಂಡಾಗಲೇ, ನಾಯಕ ಹಿಡಿದ ದಾರಿಯ ಬೆಲೆ ತಿಳಿಯುವುದು.

ದಾಳವೆಂದರೆ ನಮ್ಮ ಹಿರಿಯರಿಗೆ ಅಳುಕು. ಆ ಅಳುಕಿಗೆ ಮಹಾಭಾರತದ ದ್ಯೂತಸಭೆಯೇ ಕಾರಣ, ಅದರಲ್ಲಿ ತಪ್ಪೂ ಇಲ್ಲ. ಆದರೆ ಅದೇ ನಾಡಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದ್ದರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗ ಪೂರ್ತಿ ಆಟಗಳಿಗೆ ಮೀಸಲು. ಹೊಸ ಹೊಸ ಹಾಸುಗಳನ್ನು ಅವರು ತಾವೇ ರಚಿಸಿದರು. ಚದುರಂಗದ 64 ಮನೆಗಳಲ್ಲಿ ಕುದುರೆ ಒಂದೇ ಮನೆಯನ್ನು ಎರಡು ಸಲ ತುಳಿಯದಂತೆ ನಡೆಸುವ ಲೆಕ್ಕದಲ್ಲಿ ಅವರ ಹೆಸರು ಹೊರದೇಶದ ಚದುರಂಗ ಚರಿತ್ರೆಗಳಲ್ಲೂ ಇದೆ. ಅದೇ ಅರಸರ ಕಾಲದಲ್ಲಿ, 1823ರಲ್ಲಿ, ಅವರ ಆಶ್ರಯದಲ್ಲಿದ್ದ ಕೆಂಪುನಾರಾಯಣ ‘ಮುದ್ರಾಮಂಜೂಷ’ ಬರೆದದ್ದು. ಗೂಢಚಾರರು, ಮುದ್ರೆಯುಂಗುರ, ಚಾಣಕ್ಯನ ತಂತ್ರ ತುಂಬಿದ ಆ ಗದ್ಯಕಥೆ ಕನ್ನಡದ ಸಾಹಸ ಕಥನಕ್ಕೆ ದೊಡ್ಡ ಮೆಟ್ಟಿಲು. ಕಥೆಯೂ ಆಟವೂ ಒಂದೇ ಅರಮನೆಯಲ್ಲಿ ಒಟ್ಟಿಗೆ ಬೆಳೆದವು. ಅಮೆರಿಕದಲ್ಲೂ ಹೀಗೇ ಆಗಿದೆ. ಫ್ರಿಟ್ಜ್ ಲೀಬರ್ ತನ್ನ ಸಾಹಸಿಗಳ ಲೋಕವನ್ನು ಗೆಳೆಯನೊಡನೆ ಕಟ್ಟುವಾಗಲೇ ಅದನ್ನೊಂದು ಹಾಸಿನ ಆಟವಾಗಿಯೂ ರೂಪಿಸಿದ್ದ. ಪಣವಿಲ್ಲದ ದಾಳ ಜೂಜಲ್ಲ. ಅದು ವಿಧಿಗೆ ನಾವು ಬಿಟ್ಟುಕೊಡುವ ಸಣ್ಣ ಜಾಗ. ಮಂಟೇಸ್ವಾಮಿ ಪರಂಪರೆಯ ಊರುಗಳಾದ ಬೊಪ್ಪೇಗೌಡನಪುರ, ಕಪ್ಪಡಿ, ಹಲಗೂರು, ಚಿಕ್ಕಲ್ಲೂರು ಎಂದು ಹಾಸಿಕೊಂಡ ನಮ್ಮದೇ ಭೂಪಟವಿರುವಾಗ, ಕನ್ನಡದ ಹುಡುಗರು ಯಾವಾಗಲೂ ಹಿಮದ ಬೆಟ್ಟ, ಪೈನ್ ಕಾಡುಗಳಲ್ಲೇ ಏಕೆ ಅಲೆಯಬೇಕು?

ಇಲ್ಲಿ ಒಂದು ಎಚ್ಚರ ಬೇಕು. ಟೋಲ್ಕಿನ್‌ನ ಮಾಂತ್ರಿಕನಿಗೆ ಪೂಜೆ ಮಾಡುವವರಿಲ್ಲ. ಸಿದ್ದಪ್ಪಾಜಿಗೆ ಒಕ್ಕಲಿದೆ, ಹರಕೆ ಹೊತ್ತವರಿದ್ದಾರೆ. ತಮ್ಮನ್ನು ತುಳಿದವರ ಮುಂದೆ ತಲೆಯೆತ್ತಿ ನಿಲ್ಲುವ ಧೈರ್ಯವನ್ನು ಈ ಕಥೆಯಿಂದ ಪಡೆದ ಜನರಿದ್ದಾರೆ. ಅತ್ತ ಪಾಂಚಾಳರೂ ಈ ನಾಡಿನ ಕಸುಬುದಾರ ಸಮುದಾಯವೇ, ಅವರನ್ನು ಆಟದ ಖಳರನ್ನಾಗಿ ಮಾಡಿ ಮುಗಿಸುವುದು ಸಲ್ಲದು. ಹಾಗಾಗಿ ದೇವರ ಪಾತ್ರವನ್ನು ಯಾರೂ ಆಡುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆಡಬೇಕಾದದ್ದು ಕಥೆಯಲ್ಲಿ ಹೆಸರಿಲ್ಲದವರನ್ನು: ಅಂದು ಹಲಗೂರಿನಲ್ಲಿ ಇದ್ದಿಲು ಹೊತ್ತ ಆಳು, ತಿದಿ ಒತ್ತುತ್ತಿದ್ದ ಹುಡುಗ, ಒಳಗಿರುವ ಕಬ್ಬಿಣವನ್ನು ಕಣ್ಣಾರೆ ಕಂಡೂ ಇಲ್ಲವೆನ್ನಬೇಕಾದ ಸೊಸೆ. ಜೋಳಿಗೆ ಹಿಡಿದವನೊಬ್ಬ ಊರಬಾಗಿಲಿಗೆ ಬಂದಿದ್ದಾನೆ. ಯಜಮಾನರು ಸುಳ್ಳು ಹೇಳುತ್ತಿದ್ದಾರೆ. ನೀನು ಏನು ಮಾಡುತ್ತೀಯ? ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನು ಯಾವ ಆಟದ ಕೈಪಿಡಿಯಲ್ಲೂ ಓದಿಲ್ಲ.

ಮಂಟೇಸ್ವಾಮಿ ಕಾವ್ಯದ ಪಠ್ಯ ಈಗ ಓದಲು ಸಿಗುತ್ತದೆ. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ದಪ್ಪ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಮನೆಯಲ್ಲಿ ಈ ಬಗೆಯ ಆಟ ಆಡುವ ಮಕ್ಕಳಿದ್ದರೆ ನಿಮ್ಮ ಊರಿನ ಗ್ರಂಥಾಲಯದಲ್ಲಿ ಅದನ್ನು ಕೇಳಿ ತಂದುಕೊಡಿ. ಹಲಗೂರಿನ ಸಾಲನ್ನು ಅವರಿಂದ ಗಟ್ಟಿಯಾಗಿ ಓದಿಸಿ. ಜನವರಿ ಬಂದಾಗ ಒಂದು ರಾತ್ರಿ ಚಿಕ್ಕಲ್ಲೂರಿಗೂ ಕರೆದುಕೊಂಡು ಹೋಗಿ, ನೀಲಗಾರರ ಬಾಯಲ್ಲೇ ಕೇಳಲಿ.