ಓಟದ ಬೈಕಿನಿಂದ ಪಯಣದ ಬೈಕಿಗೆ

ನಮ್ಮ ಯುವಕರ ಮೋಟಾರು ಸೈಕಲಿನ ಅಭಿರುಚಿಯಲ್ಲಿ ಈಚೆಗೆ ಒಂದು ಬದಲಾವಣೆ ಕಾಣಸಿಗುತ್ತಿದೆ. ನಿನ್ನೆಯ ತನಕ ಟ್ಯಾಂಕಿನ ಮೇಲೆ ಎದೆಯೂರಿ, ಬೆನ್ನು ಬಾಗಿಸಿ, ಕೀರಲು ಸದ್ದಿನೊಂದಿಗೆ ಧಾವಿಸುತ್ತಿದ್ದವರಲ್ಲಿ ಕೆಲವರು ಇಂದು ತಗ್ಗಿದ ಆಸನದಲ್ಲಿ ನೆಟ್ಟಗೆ ಕುಳಿತು, ಕಾಲು ಮುಂದಕ್ಕೆ ಚಾಚಿ, ನಿಧಾನವಾಗಿ ಸಾಗುವ ಕ್ರೂಸರ್ ಬೈಕುಗಳ ಕಡೆಗೆ ಹೊರಳುತ್ತಿದ್ದಾರೆ. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಇದ್ದ ಬೈಕನ್ನೇ ಕತ್ತರಿಸಿ, ಮುಂಗಾಲು ಉದ್ದ ಮಾಡಿಸಿ, 'ಚಾಪರ್' ಎಂದು ಹೆಸರಿಟ್ಟು ಓಡಿಸುವ ಹಂಬಲದಲ್ಲಿದ್ದಾರೆ. ಮೊದಲನೆಯದನ್ನು ನಾವು ಸ್ವಾಗತಿಸುತ್ತೇವೆ. ಎರಡನೆಯದರ ಬಗ್ಗೆ ಎರಡು ಮಾತು ಆಡದೆ ಇರಲಾರೆವು.

ಸ್ವಾಗತಕ್ಕೆ ಕಾರಣವಿದೆ. ಓಟದ ಬೈಕು ಓಟದ ಪಥಕ್ಕಾಗಿ ರೂಪುಗೊಂಡ ಯಂತ್ರದ ವಂಶಸ್ಥ. ಉದಾಹರಣೆಗೆ ಯಮಹಾ ಆರ್15ರ ಈಗಿನ ಮಾದರಿಯನ್ನು ತೆಗೆದುಕೊಳ್ಳೋಣ. 155 ಸಿ.ಸಿ.ಯ ಅದರ ಎಂಜಿನು ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ನಿಮಿಷಕ್ಕೆ 10,000 ಸುತ್ತುಗಳಲ್ಲಿ. ಎಂದರೆ ಅದರಿಂದ ಕೆಲಸ ತೆಗೆಯಬೇಕಾದರೆ ಸವಾರನು ಅದನ್ನು ಸದಾ ಕೆರಳಿಸುತ್ತಲೇ ಇರಬೇಕು. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350ರ ಶಕ್ತಿ ಹೆಚ್ಚುಕಡಿಮೆ ಅಷ್ಟೇ, ಸುಮಾರು 20 ಕುದುರೆ. ಆದರೆ ಅದರ ಎಳೆತದ ಬಲ 27 ನ್ಯೂಟನ್ ಮೀಟರ್. ಅದೂ 4,000 ಸುತ್ತುಗಳಲ್ಲೇ ದೊರೆಯುತ್ತದೆ. ಆರ್15ರದ್ದು 14ರ ಆಸುಪಾಸು. ಒಂದು ಓಡೆಂದು ಕೆಣಕುತ್ತದೆ, ಇನ್ನೊಂದು ಅವಸರವೇಕೆ ಎನ್ನುತ್ತದೆ. ಬದಿಯಡ್ಕದಿಂದ ಪೆರ್ಲಕ್ಕೆ, ಮುಳ್ಳೇರಿಯದಿಂದ ಜಾಲ್ಸೂರಿಗೆ ಸಾಗುವ ಏರಿಳಿತದ, ತಿರುವಿನ ರಸ್ತೆಗಳಲ್ಲಿ ಈ ಎರಡರಲ್ಲಿ ಯಾವುದು ಮಗನನ್ನು ಸಂಜೆ ಮನೆಗೆ ತಂದು ಮುಟ್ಟಿಸೀತು ಎಂಬುದನ್ನು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಚಾಪರಿನ ವಿಚಾರ. ಇದು ಅಮೆರಿಕದ, ಅದರಲ್ಲೂ ಕ್ಯಾಲಿಫೋರ್ನಿಯದ ಕೂಸು. ಎರಡನೆಯ ಮಹಾಯುದ್ಧದಿಂದ ಮರಳಿದ ತರುಣರು ತಮ್ಮ ಭಾರವಾದ ಹಾರ್ಲೆ ಬೈಕುಗಳಿಂದ ಬೇಡವಾದುದನ್ನೆಲ್ಲ ಕಳಚಿ, ಮಡ್‌ಗಾರ್ಡುಗಳನ್ನು ಕತ್ತರಿಸಿ ಹಗುರ ಮಾಡಿಕೊಂಡರು. ಕತ್ತರಿಸುವುದು ಎಂಬ ಅರ್ಥದಿಂದಲೇ ಆ ಹೆಸರು ಬಂತು. ಬರಬರುತ್ತ ಅದು ಉದ್ದ ಮುಂಗಾಲಿನ, ಎತ್ತರದ ಹಿಡಿಯ ಅಲಂಕಾರದ ಯಂತ್ರವಾಯಿತು. 1969ರಲ್ಲಿ ಪೀಟರ್ ಫೋಂಡಾ ಮತ್ತು ಡೆನ್ನಿಸ್ ಹಾಪರ್ ನಟಿಸಿದ 'ಈಸಿ ರೈಡರ್' ಚಿತ್ರ ಅದನ್ನು ಜಗತ್ಪ್ರಸಿದ್ಧಗೊಳಿಸಿತು. ಆ ಚಿತ್ರದ ಬೈಕುಗಳನ್ನು ರೂಪಿಸಿದ ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕರಿಯ ಕುಶಲಿಗಳ ಹೆಸರು ಚಿತ್ರದಲ್ಲಿ ಬರಲಿಲ್ಲ. ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಮೆರೆದವನು ಸವಾರ, ಮರೆಯಾದವನು ಕೆಲಸಗಾರ. ಕೈಕಸುಬಿನವರಿಗೆ ಸಲ್ಲಬೇಕಾದ ಗೌರವ ಎಲ್ಲೆಡೆಯೂ ತಡವಾಗಿಯೇ ಸಲ್ಲುತ್ತದೆಯೋ ಏನೋ!

ಜನರ ಈ ಒಲವನ್ನು ಕಂಡು ಹಾರ್ಲೆ ಕಂಪೆನಿ 1971ರಲ್ಲಿ 'ಸೂಪರ್ ಗ್ಲೈಡ್' ಎಂಬ ಬೈಕನ್ನು ಕಾರ್ಖಾನೆಯಲ್ಲೇ ಆ ಮಾದರಿಯಲ್ಲಿ ತಯಾರಿಸಿತು. ಕತ್ತರಿಸುವ ಗೋಜಿಲ್ಲದೆ ಚಾಪರಿನ ಠೀವಿ ದೊರೆಯುವಂತಾಯಿತು. ನಮ್ಮ ದೇಶದಲ್ಲೂ ಬಜಾಜ್ ಕಂಪೆನಿ 2001ರಲ್ಲಿ ಎಲಿಮಿನೇಟರನ್ನೂ 2005ರಲ್ಲಿ ಅವೆಂಜರನ್ನೂ ತಂದಿತು. 2020ರಲ್ಲಿ ಮೀಟಿಯೋರ್, 2023ರಲ್ಲಿ 650 ಸಿ.ಸಿ.ಯ ಸೂಪರ್ ಮೀಟಿಯೋರ್ ಬಂದುವು. ನಿಧಾನದ ಸವಾರಿ ನಮಗೆ ಹೊಸದೂ ಅಲ್ಲ. 1961ರಿಂದ 1996ರ ತನಕ ಮೈಸೂರಿನ ಕಾರ್ಖಾನೆಯಿಂದ ಹೊರಬರುತ್ತಿದ್ದ ಜಾವಾ, ಎಜ್ದಿಗಳ ಸದ್ದನ್ನು ದೂರದಿಂದಲೇ ಗುರುತಿಸುವ ಹಿರಿಯರು ನಮ್ಮ ನಡುವೆ ಈಗಲೂ ಇದ್ದಾರೆ.

ಹೀಗಿರುವಾಗ ಇದ್ದ ಬೈಕನ್ನು ಕತ್ತರಿಸುವ ಹಟವೇಕೆ? ಬೈಕಿನ ಚೌಕಟ್ಟಿನ ಕೊರಳೆಂದರೆ ಮುಂಗಾಲು ಬಂದು ಸೇರುವ ಜಾಗ. ಬ್ರೇಕು ಹಾಕಿದಾಗ, ಗುಂಡಿಗೆ ಬಿದ್ದಾಗ ಅತಿ ಹೆಚ್ಚು ಪೆಟ್ಟು ತಿನ್ನುವುದೂ ಅದೇ. ಆ ಕೊರಳನ್ನೇ ಕೊಯ್ದು, ಕೋನ ಬದಲಿಸಿ, ಬೆಸುಗೆ ಹಾಕುವುದು ಚಾಪರಿನ ಮೊದಲ ಕೆಲಸ. ಆ ಬೆಸುಗೆಯನ್ನು ಪರೀಕ್ಷಿಸುವ ಸಾಧನ ಸಣ್ಣ ವರ್ಕ್‌ಶಾಪಿನಲ್ಲಿ ಎಲ್ಲಿಂದ ಬರಬೇಕು? ಮುಂಗಾಲು ಚಾಚಿದಷ್ಟೂ ಬೈಕು ನೇರ ದಾರಿಯಲ್ಲಿ ಸ್ಥಿರವಾಗಿ ಸಾಗುತ್ತದೆ, ನಿಜ. ಆದರೆ ತಿರುವಿನಲ್ಲಿ ಮೊಂಡು ಹಿಡಿಯುತ್ತದೆ, ನಿಧಾನ ವೇಗದಲ್ಲಿ ಮುಂಚಕ್ರ ಒಂದು ಬದಿಗೆ ವಾಲುತ್ತದೆ. ಕ್ಯಾಲಿಫೋರ್ನಿಯದ ನೇರ ಹೆದ್ದಾರಿಗೆ ಹೊಂದಿದ್ದು ಸಂಪಾಜೆ ಘಾಟಿಯ ಮಳೆಗಾಲಕ್ಕೆ ಹೊಂದಬೇಕೆಂದಿಲ್ಲ. 2019ರ ಎಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಕಡ್ಡಾಯವಾದ ಎ.ಬಿ.ಎಸ್. ಬ್ರೇಕು ಕೂಡ ಚಕ್ರದ ಅಳತೆ ಬದಲಾದರೆ ತನ್ನ ಲೆಕ್ಕ ತಪ್ಪುತ್ತದೆ.

ಕಾನೂನಂತೂ ಸ್ಪಷ್ಟವಾಗಿದೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಹೇಳುತ್ತದೆ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಮಾರ್ಪಾಡಿಗೂ ಮಾಲಕನಿಗೆ 5,000 ರೂಪಾಯಿ ದಂಡ, ಆರು ತಿಂಗಳ ವರೆಗೆ ಸಜೆ, ಅಥವಾ ಎರಡೂ ಬೀಳಬಹುದು. ತಲಪಾಡಿ ದಾಟಿ ಮಂಗಳೂರಿನಲ್ಲಿ ಓಡಿಸಿದರಾಯಿತು ಎಂದು ಯಾರೂ ಭಾವಿಸಬೇಕಾಗಿಲ್ಲ. ಕಾಯ್ದೆ ಕೇಂದ್ರದ್ದು, ಗಡಿಯ ಎರಡೂ ಬದಿಗೆ ಒಂದೇ. ಇದಕ್ಕಿಂತ ಮುಖ್ಯವಾದುದು ವಿಮೆ. ತಿಳಿಸದೆ ಮಾರ್ಪಡಿಸಿದ ಬೈಕು ಅಪಘಾತಕ್ಕೀಡಾದರೆ ಪರಿಹಾರಕ್ಕೆ ವಿಮಾ ಕಂಪೆನಿ ತಕರಾರು ತೆಗೆಯಬಹುದು. ಆಗ ಆಸ್ಪತ್ರೆಯ ಖರ್ಚಿನ ಜತೆಗೆ ಬೈಕಿನ ಸಾಲವೂ ತಂದೆಯ ಹೆಗಲಿಗೇ. ಅಡಿಕೆಯ ಧಾರಣೆಯನ್ನು ನಂಬಿ ವರ್ಷ ಕಳೆಯುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಕಾರ್ಖಾನೆಯ ಕ್ರೂಸರ್ ಕೊಳ್ಳುವವರಿಗೂ ಒಂದು ಕಿವಿಮಾತು. ಓಟದ ಬೈಕಿನ ಅಭ್ಯಾಸವನ್ನು ಹಾಗೆಯೇ ಇಲ್ಲಿಗೆ ತರಬಾರದು. ಆರ್15ರ ತೂಕ 142 ಕಿಲೋ, ಮೀಟಿಯೋರಿನದು 191, ಸೂಪರ್ ಮೀಟಿಯೋರಿನದು 241. ಆಸನ ತಗ್ಗಾದುದರಿಂದ ನಿಂತಾಗ ಕಾಲು ನೆಲಕ್ಕೆ ಸಲೀಸಾಗಿ ಸಿಗುತ್ತದೆ. ಆದರೆ ತಿರುವಿನಲ್ಲಿ ಹೆಚ್ಚು ವಾಲಿಸಿದರೆ ಕಾಲಿಡುವ ಮೆಟ್ಟು ರಸ್ತೆಗೆ ತಾಗುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ಮುಂಬ್ರೇಕೇ ಮುಖ್ಯವಾದರೂ ಹಿಂಬ್ರೇಕಿನ ಪಾಲು ಇಲ್ಲಿ ಹೆಚ್ಚು. ಕಾಲು ಮುಂದಿರುವುದರಿಂದ ಗುಂಡಿ ಬಂದಾಗ ಎದ್ದು ನಿಲ್ಲುವುದು ಕಷ್ಟ. ಕೈಗಂಟಿನ ನೋವು ಹೋಗಿ ಸೊಂಟದ ನೋವು ಬಂದೀತು. ಮೊದಲ ನಾಲ್ಕಾರು ವಾರ ಒಬ್ಬರೇ, ಪರಿಚಿತ ರಸ್ತೆಯಲ್ಲಿ ಓಡಿಸಿ ಕೈ ಪಳಗಿಸಿಕೊಳ್ಳುವುದು ಲೇಸು. 2025ರ ಸೆಪ್ಟೆಂಬರಿನಿಂದ 350 ಸಿ.ಸಿ. ವರೆಗಿನ ಬೈಕುಗಳ ಜಿ.ಎಸ್.ಟಿ. ಶೇಕಡಾ 18ಕ್ಕೆ ಇಳಿದು, ಅದಕ್ಕೆ ಮೇಲ್ಪಟ್ಟವುಗಳದ್ದು 40ಕ್ಕೆ ಏರಿದೆ ಎಂಬುದನ್ನೂ ಕೊಳ್ಳುವವರು ಗಮನದಲ್ಲಿಡಲಿ.

ಯುವಕರ ಕಲ್ಪನೆಗೆ ನಾವು ಅಡ್ಡ ಬರುತ್ತಿಲ್ಲ. ಯಂತ್ರವನ್ನು ತನ್ನದಾಗಿಸಿಕೊಳ್ಳಬೇಕೆಂಬ ಆಸೆ ಒಳ್ಳೆಯ ಆಸೆ. ತಯಾರಕರೇ ಒದಗಿಸುವ ಆಸನ, ಹಿಡಿ, ಗಾಳಿತಡೆಗಳಿವೆ. ಬಣ್ಣವನ್ನು ನೋಂದಣಿ ಪತ್ರದಲ್ಲಿ ದಾಖಲಿಸಿ ಬದಲಿಸಬಹುದು. ಬೆಸುಗೆಯ ಕೈಚಳಕವುಳ್ಳ ನಮ್ಮ ಹುಡುಗರಿಗೆ ಐ.ಟಿ.ಐ.ಗಳ ದಾರಿ ತೆರೆದಿದೆ. ಪರೀಕ್ಷೆಗೊಳಪಡುವ ಕೆಲಸವನ್ನು ಕಲಿತರೆ ಅದೇ ಬಾಳಿನ ಆಧಾರವಾದೀತು. ಕ್ಯಾಲಿಫೋರ್ನಿಯದ ಆ ತರುಣರು ಮೊದಲು ಮಾಡಿದ್ದು ಬೇಡವಾದುದನ್ನು ಕಳಚುವ ಕೆಲಸ. ನಮ್ಮವರೂ ಕಳಚಬೇಕಾದುದು ಇದ್ದೇ ಇದೆ: ಸೈಲೆನ್ಸರನ್ನಲ್ಲ, ಕನ್ನಡಿಯನ್ನಲ್ಲ, ಅವಸರವನ್ನು. ಅಷ್ಟನ್ನು ಕಳಚಿದವನ ಬೈಕು ಯಾವುದಾದರೇನು, ಮನೆಯವರು ನೆಮ್ಮದಿಯಿಂದ ನಿದ್ರಿಸಬಹುದು.