ಮಡಿಲ ಗಣಕದ ಹಲ್ಲು ನೋಡುವ ಬಗೆ

ಎತ್ತು ಕೊಳ್ಳುವ ವಿದ್ಯೆಯನ್ನು ನಮ್ಮ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತೂರಿನ ದನಗಳ ಜಾತ್ರೆಗೆ ಹೋದ ಉಮ್ಮತ್ತೂರಿನ ಒಕ್ಕಲಿಗನು ಎತ್ತಿನ ಕೊಂಬಿಗೆ ಬಳಿದ ಬಣ್ಣಕ್ಕೆ ಮರುಳಾಗುವವನಲ್ಲ. ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ. ಗೊರಸನ್ನು ಮುಟ್ಟಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ಕುಂಟುವುದೋ ಇಲ್ಲವೋ ಎಂಬುದನ್ನು ತಿಳಿಯುತ್ತಾನೆ. ಆ ಬಳಿಕವೇ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತೆತ್ತುತ್ತಾನೆ. ಇಂತಹ ಜಾಣನು ಮಗಳಿಗೊಂದು ಲ್ಯಾಪ್‌ಟಾಪ್ ಕೊಡಿಸಬೇಕೆಂದು ಚಾಮರಾಜನಗರದಲ್ಲೋ ಮೈಸೂರಿನಲ್ಲೋ ಅಂಗಡಿಯ ಮೆಟ್ಟಿಲು ಹತ್ತಿದನೆಂದರೆ, ತನ್ನ ವಿವೇಕವನ್ನೆಲ್ಲ ಚಪ್ಪಲಿಯ ಜೊತೆಯಲ್ಲಿಯೇ ಹೊರಗೆ ಬಿಟ್ಟುಬಿಡುತ್ತಾನೆ! ಒಳಗೆ ಅವನು ನೋಡುವುದು ಬಣ್ಣವನ್ನು, ಕೇಳುವುದು ಕಂತನ್ನು.

ಇಂಗ್ಲಿಷಿನವರು ತೊಡೆಯ ಹೆಸರಿನಿಂದ ಕರೆದ ಈ ವಸ್ತುವನ್ನು ‘ಮಡಿಲ ಗಣಕ’ವೆಂದು ಕರೆಯಬೇಕೆಂಬುದು ನನ್ನ ಆಸೆ. ಆದರೆ ಅಂಗಡಿಯವನಿಗೆ ತಿಳಿಯದ ಮಾತಿನಿಂದ ಗಿರಾಕಿಗೆ ಲಾಭವಿಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಎಂದೇ ಬರೆಯುತ್ತೇನೆ. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ‘ಓಸ್ಬೋರ್ನ್ 1’ ಎಂಬ, ಹೊತ್ತೊಯ್ಯಬಹುದಾದ ಗಣಕವು ಸುಮಾರು 11 ಕಿಲೋ ತೂಗುತ್ತಿತ್ತು. ಅದರ ತೆರೆಯ ಅಳತೆ 5 ಅಂಗುಲ. ಸ್ಮೃತಿ 64 ಕಿಲೋಬೈಟು. ಗೋಡೆಯ ವಿದ್ಯುತ್ತಿಲ್ಲದೆ ಅದು ಉಸಿರಾಡುತ್ತಿರಲಿಲ್ಲ. ಅಂಥದರಲ್ಲಿಯೇ ಜನರು ಲೆಕ್ಕಪತ್ರ ಬರೆದರು, ಪುಸ್ತಕ ಬರೆದರು. ಇಂದಿನ ಸಾಧಾರಣ ಲ್ಯಾಪ್‌ಟಾಪಿನ ತೂಕ ಒಂದೂವರೆ ಕಿಲೋ ಆಸುಪಾಸು; ಅದರ 8 ಗಿಗಾಬೈಟಿನ ಸ್ಮೃತಿ ಆ ಹಳೆಯದಕ್ಕಿಂತ ಒಂದು ಲಕ್ಷ ಪಟ್ಟಿಗೂ ಮಿಗಿಲು. ಆದಕಾರಣ ಇಂದು ಕೊಳ್ಳುವವನು ಕೇಳಬೇಕಾದುದು ‘ಇದಕ್ಕೆಷ್ಟು ಶಕ್ತಿಯುಂಟು?’ ಎಂದಲ್ಲ, ‘ನಾನು ಹೇರುವ ಹೊರೆ ಎಷ್ಟು?’ ಎಂದು.

ನಮ್ಮ ಕಾಲೇಜಿನಲ್ಲಿ ಕನ್ನಡ ಓದಿದ ಹುಡುಗಿಯೊಬ್ಬಳ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತವಾದೀತು. ಉಮ್ಮತ್ತೂರಿನ ಬಳಿಯ ಹಳ್ಳಿ. ಒಂದೂವರೆ ಎಕರೆ ಅರಿಶಿನ, ಉಳಿದದ್ದು ಹಿಪ್ಪುನೇರಳೆ. ಮನೆಯಲ್ಲಿಯೇ ಕುಳಿತು ಪುಸ್ತಕಗಳಿಗೆ ಅಕ್ಷರ ಜೋಡಿಸಿಕೊಡುವ ಕೆಲಸ ಆಕೆಗೆ ಮೈಸೂರಿನಿಂದ ದೊರಕಿತು. ತಿಂಗಳಿಗೆ ಆರು ಸಾವಿರ ಬರಬಹುದೆಂಬ ಅಂದಾಜು. ಮದುವೆಯ ಮಾತು ಒಂದು ವರ್ಷ ಮುಂದಕ್ಕೆ ಹೋಗಲು ಆ ಆರು ಸಾವಿರವೇ ಆಧಾರ. ಅರಿಶಿನ ಮಾರಿ ಬಂದ ಹಣದಲ್ಲಿ 45,000 ರೂಪಾಯಿಗಳನ್ನು ತಂದೆ ಇದಕ್ಕೆಂದು ತೆಗೆದಿಟ್ಟಿದ್ದರು. ಅಂಗಡಿಯವನು ಕೆಂಪು ದೀಪ ಮಿನುಗುವ, ಆಟವಾಡುವವರಿಗಾಗಿ ಮಾಡಿದ, 72,000 ರೂಪಾಯಿಯ ಯಂತ್ರವನ್ನು ತೋರಿಸಿ, ಮಿಕ್ಕ 27,000ವನ್ನು ಕಂತಿನಲ್ಲಿ ಕಟ್ಟಿರೆಂದು ಒತ್ತಾಯಿಸಿದ್ದನು. ಹನ್ನೆರಡು ಕಂತಾದರೆ, ಬಡ್ಡಿಯನ್ನು ಬಿಟ್ಟರೂ ತಿಂಗಳಿಗೆ 2,250. ದುಡಿಮೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು, ದುಡಿಮೆ ಆರಂಭವಾಗುವ ಮುನ್ನವೇ ಹೋಗಿಬಿಡುತ್ತಿತ್ತು. ಕಾಗದವೊಂದನ್ನು ಮುಂದಿಟ್ಟುಕೊಂಡು ತಂದೆ ಮಗಳೊಡನೆ ನಾನು ಹಾಕಿದ ಲೆಕ್ಕವನ್ನೇ ಓದುಗರ ಮುಂದಿಡುತ್ತೇನೆ.

ಮೊದಲನೆಯದು ಹೊರೆಯ ಲೆಕ್ಕ. ಕನ್ನಡದ ಒಂದೊಂದು ಸಂಕೇತವೂ ಈಗಿನ ರೂಢಿಯ ಬರವಣಿಗೆಯಲ್ಲಿ ಮೂರು ಬೈಟುಗಳ ಜಾಗ ಹಿಡಿಯುತ್ತದೆ. ಪುಟಕ್ಕೆ 1,500 ಸಂಕೇತಗಳೆಂದಿಟ್ಟುಕೊಂಡರೆ, 300 ಪುಟದ ಕಾದಂಬರಿಯೊಂದಕ್ಕೆ ಬೇಕಾಗುವುದು ಹದಿಮೂರೂವರೆ ಲಕ್ಷ ಬೈಟು. ಅಂದರೆ ಒಂದೂಕಾಲು ಒಂದೂವರೆ ಮೆಗಾಬೈಟು. 512 ಗಿಗಾಬೈಟಿನ ಉಗ್ರಾಣದಲ್ಲಿ ಅಂಥ ಕಾದಂಬರಿಗಳು ಮೂರು ಲಕ್ಷಕ್ಕೂ ಮೇಲೆ ಹಿಡಿಸುತ್ತವೆ. ಆಟಗಳಿಗಾಗಿ ಕೂಡಿಸಿದ ಪ್ರತ್ಯೇಕ ಚಿತ್ರಯಂತ್ರದಿಂದ ಅಕ್ಷರ ಜೋಡಿಸುವವಳಿಗೆ ಏನೂ ಪ್ರಯೋಜನವಿಲ್ಲ. ಅದು ಶಾಖವನ್ನು ಹೆಚ್ಚಿಸುತ್ತದೆ, ತೂಕವನ್ನು ಹೆಚ್ಚಿಸುತ್ತದೆ, ಬ್ಯಾಟರಿಯನ್ನು ಕುಡಿಯುತ್ತದೆ. ಚಲಚ್ಚಿತ್ರ ಸಂಕಲಿಸುವವರಿಗೂ ಕಟ್ಟಡದ ನಕ್ಷೆ ಎಳೆಯುವವರಿಗೂ ಅದು ಬೇಕಾದೀತು. ಅವರ ಹೊರೆ ಬೇರೆ, ಎತ್ತೂ ಬೇರೆ.

ಹಣವನ್ನು ಎಲ್ಲಿ ಉಳಿಸಬಾರದೆಂಬುದು ಎರಡನೆಯ ಮಾತು. ಉಗ್ರಾಣವು ತಿರುಗುವ ತಟ್ಟೆಯದಾಗಿರದೆ, ‘ಎಸ್‌ಎಸ್‌ಡಿ’ ಎಂಬ ಚಲನೆಯಿಲ್ಲದ ಬಗೆಯದಾಗಿರಬೇಕು. ಅದರೊಳಗೆ ಅಲುಗುವ ಭಾಗವೇ ಇಲ್ಲವಾದ್ದರಿಂದ ಸಂತೇಮರಹಳ್ಳಿಯ ಬಸ್ಸಿನ ಕುಲುಕಾಟಕ್ಕೆ ಅದು ಅಂಜುವುದಿಲ್ಲ. ವೇಗವೂ ಬಹಳ ಹೆಚ್ಚು. ಸ್ಮೃತಿಯು 8 ಗಿಗಾಬೈಟಿಗೆ ಕಡಿಮೆಯಿರಬಾರದು. 16 ಇದ್ದರೆ ನಾಲ್ಕಾರು ವರ್ಷ ನಿಶ್ಚಿಂತೆ. ಕೆಲವು ತೆಳುವಾದ ಯಂತ್ರಗಳಲ್ಲಿ ಸ್ಮೃತಿಯನ್ನು ಹಲಗೆಗೆ ಬೆಸೆದುಬಿಟ್ಟಿರುತ್ತಾರೆ. ಅಂಥದಕ್ಕೆ ಮುಂದೆ ಒಂದು ಗುಲಗಂಜಿಯಷ್ಟನ್ನೂ ಸೇರಿಸಲಾಗದು. ‘ಸ್ಮೃತಿ ಬೆಸೆದದ್ದೋ, ಬದಲಿಸಬಹುದಾದದ್ದೋ? ಖಾಲಿ ಗೂಡು ಉಂಟೋ?’ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರುವತನಕ ಹಣದ ಚೀಲ ಬಿಚ್ಚಬಾರದು. ಹಲ್ಲೆಣಿಸುವುದೆಂದರೆ ಇದೇ.

ಮೂರನೆಯದು ಬ್ಯಾಟರಿ. ‘ಹತ್ತು ಗಂಟೆ ಬರುತ್ತದೆ’ ಎಂಬ ಮಾತನ್ನು ನಂಬದೆ, ಬ್ಯಾಟರಿಯ ಅಳತೆ ಎಷ್ಟು ವಾಟ್-ಗಂಟೆಯೆಂದು ಕೇಳಬೇಕು. ಬರೆಯುವ ಕೆಲಸಕ್ಕೆ ಯಂತ್ರವು ಸುಮಾರು 9 ವಾಟ್ ಬಳಸಿತೆಂದರೆ, 45 ವಾಟ್-ಗಂಟೆಯ ಬ್ಯಾಟರಿ 5 ಗಂಟೆ ನಡೆಸುತ್ತದೆ. ತೆರೆಯ ಬೆಳಕನ್ನು ಏರಿಸಿದರೆ ಇನ್ನೂ ಕಡಿಮೆ. ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು ಎನ್ನುವ ಊರುಗಳಲ್ಲಿ ಈ ಭಾಗಾಕಾರವೇ ದಿನದ ಸಂಪಾದನೆ. ಬ್ಯಾಟರಿಯು ವರ್ಷಗಳು ಕಳೆದಂತೆ ಸೊರಗುವುದು ಅದರ ಧರ್ಮ. ನೂರಕ್ಕೆ ಎಂಬತ್ತರಷ್ಟೇ ತುಂಬಿಸಿ ನಿಲ್ಲಿಸುವ ಅನುಕೂಲ ಅನೇಕ ಯಂತ್ರಗಳಲ್ಲುಂಟು. ಸದಾ ಗೋಡೆಗೆ ಚುಚ್ಚಿಟ್ಟು ದುಡಿಯುವವರು ಅದನ್ನು ಬಳಸಿದರೆ ಬ್ಯಾಟರಿಯ ಆಯುಸ್ಸು ಹೆಚ್ಚುತ್ತದೆ. ಚಾರ್ಜರಿನ ಬೆನ್ನ ಮೇಲೆ 100–240 ವೋಲ್ಟ್ ಎಂದು ಬರೆದಿದ್ದರೆ ದೀಪ ಮಂಕಾದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಗುಡುಗು ಮಿಂಚಿನ ಸಂಜೆ ಅದನ್ನು ಗೋಡೆಯಿಂದ ಕಿತ್ತಿಡುವುದೇ ಲೇಸು.

ನಾಲ್ಕನೆಯದು ಕೀಲಿಮಣೆ. ಇದರ ಕಡೆಗೆ ಕನ್ನಡಿಗರಾದ ನಾವು ವಿಶೇಷವಾಗಿ ಗಮನ ಕೊಡಬೇಕು. ಕೆ. ಪಿ. ರಾವ್ ಅವರು ರೂಪಿಸಿದ, ಉಚ್ಚಾರಣೆಯನ್ನು ಅನುಸರಿಸುವ ವಿನ್ಯಾಸವೇ ಕರ್ನಾಟಕ ಸರ್ಕಾರವು ಒಪ್ಪಿದ ಕೀಲಿಮಣೆಗೆ ತಳಹದಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವುದೂ ಅದೇ. ಅದರಲ್ಲಿ ಒತ್ತಕ್ಷರಗಳನ್ನು ಬೆಸೆಯುವುದು ಇಂಗ್ಲಿಷಿನ ‘ಎಫ್’ ಕೀಲಿ. ಭಾರತ ಸರ್ಕಾರದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದಲ್ಲಿ ‘ಡಿ’ ಕೀಲಿ. ಒತ್ತಕ್ಷರವಿಲ್ಲದೆ ಕನ್ನಡದಲ್ಲಿ ಒಂದು ಸಾಲನ್ನು ಮುಗಿಸುವುದೂ ಕಷ್ಟ! ಆ ಎರಡು ಕೀಲಿಗಳು ನಮ್ಮವರ ಕೈಯಲ್ಲಿ ಗಾಣದೆತ್ತಿನಂತೆ ದುಡಿಯುತ್ತವೆ. ಆದ್ದರಿಂದ ಅಂಗಡಿಯಲ್ಲಿಯೇ ಕುಳಿತು ಹತ್ತು ನಿಮಿಷ ಕನ್ನಡವನ್ನು ಬೆರಳಚ್ಚಿಸಿ ನೋಡಬೇಕು. ಕೀಲಿಗಳು ಅಲುಗಾಡುವುವೋ, ಒತ್ತಿದಲ್ಲಿ ಹಲಗೆ ಬಗ್ಗುವುದೋ, ಬೆರಳು ನೋಯುವುದೋ ಎಂಬುದು ಜಾಹೀರಾತಿನಲ್ಲಿ ಬರೆದಿರುವುದಿಲ್ಲ. ತೆರೆಯ ಕೀಲನ್ನೂ ಒಮ್ಮೆ ತೆರೆದು ಮುಚ್ಚಿ ಪರೀಕ್ಷಿಸಬೇಕು. ಇದು ನಾಲ್ಕು ಹೆಜ್ಜೆ ನಡೆಸಿ ನೋಡುವ ಪರೀಕ್ಷೆ. ಅಂಗಡಿಯವನು ಇದಕ್ಕೆ ಬೇಸರಪಟ್ಟರೆ ಬೇರೆ ಅಂಗಡಿಗಳುಂಟು.

ಐದನೆಯದು, ಕೆಟ್ಟರೆ ಯಾರು ನೋಡುತ್ತಾರೆಂಬ ವಿಚಾರ. ಕಂಪನಿಯ ಭರವಸೆಯಲ್ಲಿ ಎರಡು ಜಾತಿ: ರಿಪೇರಿಯವನೇ ಮನೆಗೆ ಬರುವುದೊಂದು, ನಾವು ಹೊತ್ತು ಒಯ್ಯುವುದೊಂದು. ಚಾಮರಾಜನಗರದಿಂದ ಮೈಸೂರಿಗೆ ಅರುವತ್ತು ಕಿಲೋಮೀಟರಿನ ಹತ್ತಿರ. ಹೊತ್ತೊಯ್ಯುವ ಭರವಸೆಯೆಂದರೆ ಉಮ್ಮತ್ತೂರಿನವನಿಗೆ ಕೊಡಲು ಒಂದು ದಿನ, ತರಲು ಮತ್ತೊಂದು ದಿನ, ಬಸ್ಸಿನ ಖರ್ಚು ಬೇರೆ. ಅಷ್ಟು ದಿನವೂ ಕೆಲಸ ನಿಂತಂತೆಯೇ. ಮನೆಗೆ ಬರುವ ಭರವಸೆಯಿದ್ದರೂ ‘ನಮ್ಮ ಪಿನ್‌ಕೋಡಿಗೆ ಬರುತ್ತೀರಾ?’ ಎಂದು ಕೊಳ್ಳುವ ಮುನ್ನವೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ಕ್ಷೇಮ.

ಹೊಸದಕ್ಕೆ ಹಣ ಸಾಲದವರು ಬಳಸಿದ್ದನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ದುಡಿಸಿ ಬಿಟ್ಟ ಯಂತ್ರಗಳು ಎಷ್ಟೋ ಸಲ ಹೊಸ ಅಗ್ಗದ ಯಂತ್ರಕ್ಕಿಂತ ಗಟ್ಟಿಮುಟ್ಟಾಗಿರುತ್ತವೆ. ಅವುಗಳನ್ನು ಬಿಚ್ಚುವುದೂ ಸುಲಭ. ಆದರೆ ಒಂದು ಎಚ್ಚರ ಬೇಕು. ‘ವಿಂಡೋಸ್ 10’ಕ್ಕೆ ಅದರ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ‘ವಿಂಡೋಸ್ 11’ ನಿಯಮಬದ್ಧವಾಗಿ ನಡೆಯಬೇಕಾದರೆ, ಇಂಟೆಲ್ ಯಂತ್ರವಾದಲ್ಲಿ ಎಂಟನೆಯ ಪೀಳಿಗೆಯದಾದರೂ ಆಗಿರಬೇಕು. ಅದಕ್ಕಿಂತ ಹಳೆಯದನ್ನು ‘ಹೊಸದರಂತೆಯೇ ಇದೆ’ ಎಂದು ಮಾರುವವರು ಹಲ್ಲುದುರಿದ ಎತ್ತಿಗೆ ಕೊಂಬು ಹೆರೆದು ತಂದವರೆಂದು ತಿಳಿಯಬೇಕು. ಉಚಿತವಾಗಿ ದೊರೆಯುವ ‘ಲಿನಕ್ಸ್’ ಅನ್ನು ಕಲಿಯುವ ತಾಳ್ಮೆಯುಳ್ಳವರಿಗೆ ಮಾತ್ರ ಆ ಮುದಿ ಯಂತ್ರದಿಂದಲೂ ಕೆಲವು ವರ್ಷದ ಉಳುಮೆ ಸಾಧ್ಯ. ಕನ್ನಡದ ಕೀಲಿಮಣೆಯೂ ಅದರಲ್ಲುಂಟು.

ಮೇಲಿನ ಹುಡುಗಿಯ ಮನೆಯವರು ಕೊನೆಗೆ ಕೊಂಡದ್ದು, 14 ಅಂಗುಲದ ತೆರೆಯ, ದೀಪ ಮಿನುಗದ, ಬೂದುಬಣ್ಣದ ಒಂದು ಯಂತ್ರವನ್ನು. ಸ್ಮೃತಿ ಎಂಟು, ಪಕ್ಕದಲ್ಲೊಂದು ಖಾಲಿ ಗೂಡು. ಕೈಯಲ್ಲಿದ್ದ ಹಣದೊಳಗೇ ಅದು ಬಂತು. ಕಂತಿನ ಕಾಗದಕ್ಕೆ ತಂದೆ ರುಜು ಹಾಕಲಿಲ್ಲ. ಉಳಿದ ಸ್ವಲ್ಪ ಹಣದಲ್ಲಿ, ಬರೆದುದರ ಪ್ರತಿಯನ್ನು ಬೇರೆಡೆ ಇಡಲು ಹೊರಗಿನದೊಂದು ಪುಟ್ಟ ಉಗ್ರಾಣವನ್ನು ಕೊಂಡರು. ಅವರ ವ್ಯಾಪಾರದಲ್ಲೆಲ್ಲ ಅತ್ಯಂತ ವಿವೇಕದ ಖರ್ಚು ಅದೇ ಎಂದು ನಾನು ಭಾವಿಸುತ್ತೇನೆ.

ಏಕೆಂದರೆ ಯಂತ್ರವು ನಂಬಿಕೆಯುಳ್ಳದ್ದೋ ಅಲ್ಲವೋ ಎಂಬುದು ಅದರ ಲೋಹದಿಂದಷ್ಟೇ ನಿರ್ಣಯವಾಗದು. ಅದರಲ್ಲಿ ಬರೆದ ಅಕ್ಷರವನ್ನು ನಾಳೆ ಓದಲು ಬಂದೀತೋ ಎಂಬುದನ್ನೂ ಕೇಳಬೇಕು. ಉಮ್ಮತ್ತೂರು ಒಂದು ಕಾಲಕ್ಕೆ ಪ್ರಬಲರಾದ ಪ್ರಭುಗಳ ನೆಲೆ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯನು ಕೈಗೊಂಡ ಮೊದಮೊದಲ ದಂಡಯಾತ್ರೆಗಳಲ್ಲಿ ಈ ಊರಿನ ಒಡೆಯರ ಮೇಲಿನದೂ ಒಂದು. ಆ ಪ್ರಭುತ್ವ ಅಳಿದು ಶತಮಾನಗಳಾದುವು. ಆದರೂ ಈ ತಾಲೂಕಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು ಓದಿಸಿ, 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಮಾಡಿಸಲು ಸಾಧ್ಯವಾಯಿತು. ಕಲ್ಲಿನ ಅಕ್ಷರಕ್ಕೆ ಅಂಥ ಬಾಳಿಕೆಯಿತ್ತು. ನಮ್ಮವರು ಇಪ್ಪತ್ತು ಇಪ್ಪತ್ತೈದು ವರ್ಷಗಳ ಹಿಂದೆ ಗಣಕದಲ್ಲಿ ಬರೆದಿಟ್ಟ ಎಷ್ಟೋ ಕಡತಗಳನ್ನು ಇಂದು ತೆರೆದರೆ, ಆಯಾ ಅಚ್ಚುಮೊಳೆ ಜೊತೆಗಿಲ್ಲವಾದಲ್ಲಿ, ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಮತ್ತು ವಿಚಿತ್ರ ಚಿಹ್ನೆಗಳ ಕಸದ ರಾಶಿ. ಅವು ಅಚ್ಚುಮೊಳೆಗೆ ಕಟ್ಟುಬಿದ್ದ ಬರವಣಿಗೆಗಳು. 1991ರಲ್ಲಿ ಪ್ರಕಟವಾದ ‘ಯೂನಿಕೋಡ್’ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಸ್ಥಾನ ದೊರಕಿತು. ಅದರಲ್ಲಿ ಬರೆದದ್ದು ಯಾವ ಕಂಪನಿಯ ಯಂತ್ರದಲ್ಲಿಯೂ ಕನ್ನಡವಾಗಿಯೇ ಉಳಿಯುತ್ತದೆ.

ಅಚ್ಚುಮನೆಯವರು ಹಳೆಯ ಅಚ್ಚುಮೊಳೆಯನ್ನೇ ಕೇಳಿದರೆ ಹಾಗೆಯೇ ಮಾಡಿಕೊಡಬೇಕಾದೀತು, ಹೊಟ್ಟೆಪಾಡು. ಅದಕ್ಕೆ ಪರಿವರ್ತಕಗಳುಂಟು. ಆದರೆ ತನ್ನ ಬಳಿ ಉಳಿಯುವ ಪ್ರತಿಯನ್ನು ಪ್ರತಿಯೊಬ್ಬರೂ ಯೂನಿಕೋಡಿನಲ್ಲಿಯೇ ಇಡಬೇಕು. ವಾರಕ್ಕೊಮ್ಮೆ ಅದನ್ನು ಯಂತ್ರದ ಹೊರಗೆ ತೆಗೆದಿರಿಸಬೇಕು. ಐದಾರು ವರ್ಷಕ್ಕೆ ಎತ್ತು ಮುದಿಯಾಗುತ್ತದೆ, ಮತ್ತೊಂದನ್ನು ತರುತ್ತೇವೆ. ಉತ್ತು ಬೆಳೆದ ಧಾನ್ಯವು ಅಷ್ಟರಲ್ಲಿ ಕಣಜ ಸೇರಿರಬೇಕು.